ಗಾಜು ತೇಯುವ ಸುಖ

ಎರಡು ದಪ್ಪ ಗಾಜಿನ ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು, ನಡುವೆ ಚಿಟಿಕೆ ಕಾರ್ಬೊರಂಡಂ ಪುಡಿ ಉದುರಿಸಿ, ನಾಲ್ಕು ಹನಿ ನೀರು ಚಿಮುಕಿಸಿ, ಮೇಲಿನದನ್ನು ಹಿಂದಕ್ಕೂ ಮುಂದಕ್ಕೂ ಉಜ್ಜುತ್ತ ಹೋದರೆ ಏನಾಗುತ್ತದೆ? ಎರಡೂ ಸವೆದು ಚಪ್ಪಟೆಯಾಗಿಯೇ ಇರುತ್ತವೆ ಎಂದು ಅನ್ನಿಸುವುದು ಸಹಜ. ಹಾಗಾಗುವುದಿಲ್ಲ. ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಮೇಲಿನ ಬಿಲ್ಲೆ ಆಚೆಗೆ ಜಾರಿದಾಗ ಅದರ ನಡುಭಾಗ ಕೆಳಗಿನದರ ಅಂಚಿನ ಮೇಲೆ ಭಾರ ಬಿಡುತ್ತದೆ. ಆಗ ಮೇಲಿನದರ ನಡುವೂ ಕೆಳಗಿನದರ ಅಂಚೂ ಹೆಚ್ಚು ಸವೆಯುತ್ತವೆ. ಗುಟ್ಟು ಇಷ್ಟೇ. ಇದನ್ನು ನಂಬಿಕೊಂಡು ಮನೆಯಲ್ಲೇ ದೂರದರ್ಶಕದ ಕನ್ನಡಿ ಮಾಡಿಕೊಳ್ಳುವ ಹುಚ್ಚರ ಕುಲವೊಂದಿದೆ. ನಾನು ಆ ಕುಲದವನು.

ಇದಕ್ಕೆ ಬೇಕಾಗುವ ಸಾಮಾನು ಹೆಚ್ಚಿಲ್ಲ. ನೀರು ತುಂಬಿಸಿ ಅಲುಗಾಡದಂತೆ ನಿಲ್ಲಿಸಿದ ಒಂದು ಹಳೆಯ ಡ್ರಮ್ಮು, ಅದರ ಮೇಲೊಂದು ಹಲಗೆ, ಹಲಗೆಗೆ ಕಚ್ಚಿಕೊಂಡ ಕೆಳಗಿನ ಗಾಜು. ಉಜ್ಜಬೇಕು, ಕೈಯಲ್ಲಿರುವ ಗಾಜನ್ನು ತುಸು ತಿರುಗಿಸಬೇಕು, ಒಂದು ಹೆಜ್ಜೆ ಸರಿಯಬೇಕು, ಮತ್ತೆ ಉಜ್ಜಬೇಕು. ಹೀಗೆ ಡ್ರಮ್ಮಿಗೆ ಪ್ರದಕ್ಷಿಣೆ ಹಾಕುತ್ತಲೇ ಇರಬೇಕು. ಮೊದಲಿಗೆ ಕರಕರ ಎಂದು ಹಲ್ಲು ಜುಮ್ಮೆನ್ನುವ ಸದ್ದು. ಪುಡಿ ಮುರಿದು ಸಣ್ಣಗಾದಂತೆ ಸದ್ದು ಇಳಿದು ಪಿಸುಗುಡುತ್ತದೆ. ಹೊಸ ಪುಡಿ ಹಾಕುವ ಹೊತ್ತು ಬಂತೆಂದು ಕಿವಿಯೇ ಹೇಳುತ್ತದೆ.

ಎಷ್ಟು ಸಲ ಉಜ್ಜಿದೆ, ಎಷ್ಟು ಡಿಗ್ರಿ ತಿರುಗಿಸಿದೆ ಎಂದು ಲೆಕ್ಕ ಇಡಬಾರದು. ಒಂದೇ ತಾಳಕ್ಕೆ ಒಗ್ಗಿದ ಕೈ ಗಾಜಿನಲ್ಲಿ ಏಣು ಮೂಡಿಸುತ್ತದೆ. ಒಮ್ಮೆ ಉದ್ದ, ಒಮ್ಮೆ ಗಿಡ್ಡ, ಒಮ್ಮೆ ಓರೆ ಎಂದು ಕೈ ತನ್ನಷ್ಟಕ್ಕೆ ಅಡ್ಡಾದಿಡ್ಡಿ ಓಡಾಡಿದರೆ ತಪ್ಪುಗಳು ಒಂದನ್ನೊಂದು ತಿಂದುಹಾಕುತ್ತವೆ. ಯಾವ ದಿಕ್ಕಿಗೆ ಜಾರಿಸಿದರೂ, ಎಷ್ಟು ತಿರುಗಿಸಿದರೂ ಎಲ್ಲ ಕಡೆಯೂ ಒಂದಕ್ಕೊಂದು ತಾಗಿಕೊಂಡೇ ಇರಬಲ್ಲ ಮೈಗಳೆಂದರೆ ಚಪ್ಪಟೆ ಮೈ ಇಲ್ಲವೇ ಗೋಳದ ಮೈ, ಬೇರೆ ಇಲ್ಲ. ಹಾಗಾಗಿ ಗಾಜಿಗೆ ಗೋಳವಾಗದೆ ಗತಿಯಿಲ್ಲ. ಶಿಸ್ತಿನಿಂದ ಸಿಗುವ ಕರಾರುವಾಕ್ಕುತನ ನಮಗೆಲ್ಲ ಗೊತ್ತು. ಅಶಿಸ್ತನ್ನು ಎಲ್ಲ ಕಡೆಗೂ ಸಮನಾಗಿ ಹಂಚುವುದರಿಂದ ಸಿಗುವ ಈ ಕರಾರುವಾಕ್ಕುತನ ನನಗೆ ಇಂದಿಗೂ ಕಚಗುಳಿ ಇಡುತ್ತದೆ.

ಅದೆಷ್ಟು ಕರಾರುವಾಕ್ಕು ಎಂದರೆ, ಆರಿಂಚು ಅಗಲದ, ನಾಲ್ಕು ಅಡಿ ಸಂಗಮದೂರದ ಕನ್ನಡಿಯ ನಡುವಿನ ತಗ್ಗು ಸುಮಾರು 1.2 ಮಿಲಿಮೀಟರ್. ಇದು ಒರಟು ಪುಡಿಗಳ ಕೆಲಸ, ಯಾರು ಬೇಕಾದರೂ ಮಾಡಬಹುದು. ಆಮೇಲೆ ಕೊನೆಯ ಹೊಳಪಿನ ಹೊತ್ತಿಗೆ ಮೈಯ ಏರುತಗ್ಗು ಬೆಳಕಿನ ಅಲೆಯುದ್ದದ ಎಂಟನೇ ಒಂದು ಪಾಲನ್ನು, ಎಂದರೆ ಸುಮಾರು 70 ನ್ಯಾನೋಮೀಟರನ್ನು, ಮೀರಬಾರದು. ತಲೆಗೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿ ಅದರಲ್ಲೊಂದನ್ನು ಎತ್ತಿಕೊಂಡಷ್ಟು. ಇದನ್ನು ಕೈಯಿಂದಲೇ ಮಾಡುತ್ತಾರೆ ಎಂದರೆ ಎಂಜಿನಿಯರ್ ಗೆಳೆಯರು ನಗುತ್ತಾರೆ. ನಗಲಿ.

80ನೇ ನಂಬರಿನ ಒರಟು ಪುಡಿಯಿಂದ 120, 220 ಎಂದು ನವಿರಾಗುತ್ತ ಹೋಗಬೇಕು. ಪ್ರತಿ ಮೆಟ್ಟಿಲಿನಲ್ಲೂ ಡ್ರಮ್ಮು, ಹಲಗೆ, ಬಕೆಟ್ಟು, ಉಗುರಿನ ಸಂದಿ ಎಲ್ಲವನ್ನೂ ತೊಳೆಯಬೇಕು. ಹಳೆಯ ಪುಡಿಯ ಒಂದೇ ಒಂದು ಕಾಳು ಉಳಿದರೂ ಹೊಸ ಮೈಮೇಲೆ ಗೀರು ಬಿದ್ದಂತೆಯೇ. ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ಯಾರೂ ಹತ್ತಿರ ಬರಬೇಡಿ ಎಂದು ಕೂಗಿ ಕೆಲಸಕ್ಕೆ ನಿಲ್ಲುವ ನನ್ನನ್ನು ನೋಡಿ ಅಮ್ಮನಿಗೆ ಖುಷಿಯೋ ಖುಷಿ. “ನನ್ನ ಮಡಿ ನೋಡಿ ಆಡಿಕೊಳ್ತಿದ್ದೆಯಲ್ಲೋ, ಈಗ ನೀನೇ ಮುಟ್ಟಬೇಡಿ ಮುಟ್ಟಬೇಡಿ ಅಂತೀಯ!” ಉತ್ತರ ಕೊಡಲು ಬಾಯಿಲ್ಲ. ಕಾರ್ಬೊರಂಡಂ ಮಡಿ ಅಮ್ಮನ ಮಡಿಗಿಂತ ಕಠಿಣ; ಅದಕ್ಕೆ ಪ್ರಾಯಶ್ಚಿತ್ತವೂ ಇಲ್ಲ, ಮತ್ತೆ ಮೊದಲಿಂದ ತೇಯಬೇಕು.

ನಮ್ಮ ಕುಲಕ್ಕೊಬ್ಬ ಮೂಲಪುರುಷನಿದ್ದಾನೆ: ವಿಲಿಯಂ ಹರ್ಷೆಲ್. ಹ್ಯಾನೋವರ್‌ನಲ್ಲಿ 1738ರಲ್ಲಿ ಹುಟ್ಟಿ, ಇಂಗ್ಲೆಂಡಿನ ಬಾತ್ ಊರಿನಲ್ಲಿ ಆರ್ಗನ್ ನುಡಿಸುತ್ತ, ಸಂಗೀತದ ಪಾಠ ಹೇಳುತ್ತ ಬದುಕುತ್ತಿದ್ದವನು. ದೊಡ್ಡ ದೂರದರ್ಶಕ ಕೊಳ್ಳಲು ಹೋಗಿ, ಬೆಲೆ ಕೇಳಿ ಹೌಹಾರಿ, 1773ರಲ್ಲಿ ತಾನೇ ಕನ್ನಡಿ ತೇಯಲು ಕೂತ. ಆಗಿನ ಕನ್ನಡಿ ಗಾಜಿನದಲ್ಲ, ತಾಮ್ರ ಮತ್ತು ತವರ ಬೆರೆಸಿ ಎರಕ ಹೊಯ್ದ ಲೋಹದ್ದು. ಅಚ್ಚಿಗೆ ಬೇಕಾದ ಕುದುರೆ ಲದ್ದಿಯನ್ನು ಕುಟ್ಟಿ ಜರಡಿ ಹಿಡಿಯುವ ಕೆಲಸ ತಂಗಿ ಕ್ಯಾರೊಲಿನ್‌ಳ ಪಾಲಿಗೂ ಬಂತು. ಒಮ್ಮೆ ಏಳಡಿ ದೂರದರ್ಶಕದ ಕನ್ನಡಿಗೆ ಹೊಳಪು ಕೊಡುವಾಗ ಅಣ್ಣ 16 ಗಂಟೆ ಅದರಿಂದ ಕೈ ತೆಗೆಯಲಿಲ್ಲವಂತೆ; ತಂಗಿಯೇ ಬಾಯಿಗೆ ತುತ್ತು ಇಡುತ್ತಿದ್ದಳು, ಕತೆ ಪುಸ್ತಕ ಓದಿ ಹೇಳುತ್ತಿದ್ದಳು. ಆಕೆ ಯಾವಾಗ ಉಂಡಳು ಎಂಬುದು ಇದನ್ನು ಓದಿದಾಗಲೆಲ್ಲ ನನ್ನಲ್ಲಿ ಏಳುವ ಪ್ರಶ್ನೆ.

1781ರ ಮಾರ್ಚ್ 13ರ ರಾತ್ರಿ, ನ್ಯೂ ಕಿಂಗ್ ಸ್ಟ್ರೀಟಿನ ಮನೆಯ ಹಿತ್ತಿಲಿನಲ್ಲಿ, ಆರಿಂಚಿಗಿಂತ ತುಸುವೇ ಅಗಲವಾದ ಕನ್ನಡಿಯಲ್ಲಿ ಹರ್ಷೆಲ್‌ಗೆ ಯುರೇನಸ್ ಕಂಡಿತು. ಅದೇ ಚುಕ್ಕಿಯನ್ನು ಅವನಿಗಿಂತ ಮೊದಲು ಖಗೋಳಜ್ಞರು ನೋಡಿ ನಕ್ಷತ್ರವೆಂದು ಬರೆದುಕೊಂಡಿದ್ದರು. ಸಂಗೀತದ ಮೇಷ್ಟರ ಕನ್ನಡಿ ಎಷ್ಟು ಶುದ್ಧವಾಗಿತ್ತೆಂದರೆ ಅದು ಚುಕ್ಕಿಯಲ್ಲ, ಪುಟ್ಟ ಬಿಲ್ಲೆ ಎಂದು ಕಣ್ಣಿಗೆ ಹೊಳೆಯಿತು. ಪಾಪ, ಅವನೂ ಮೊದಲು ಅದನ್ನು ಧೂಮಕೇತು ಅಂದುಕೊಂಡ. ಅದೇ ವರ್ಷ ಆಗಸ್ಟಿನಲ್ಲಿ ದೊಡ್ಡ ಕನ್ನಡಿ ಎರೆಯಲು ಹೋದಾಗ ಕುದಿಯುವ ಲೋಹ ಸೋರಿ, ನೆಲದ ಕಲ್ಲುಗಳು ಸಿಡಿದು ಹಾರಿ, ಎಲ್ಲರೂ ಎದ್ದುಬಿದ್ದು ಓಡಿದರು. ಮರುವರ್ಷ ದೊರೆ 200 ಪೌಂಡ್ ವಾರ್ಷಿಕ ಸಂಭಾವನೆ ಗೊತ್ತುಮಾಡಿದ ಮೇಲೆ ಹರ್ಷೆಲ್ ಪಾಠ ಹೇಳುವುದನ್ನು ಬಿಟ್ಟ. ಅಣ್ಣನ ಸಂಗೀತದ ಜೊತೆಗೆ ಕ್ಯಾರೊಲಿನ್‌ಳ ಹಾಡುಗಾರಿಕೆಯೂ ನಿಂತಿತು. ಹ್ಯಾಂಡೆಲ್‌ನ ಕೃತಿಗಳಿಗೆ ಮುಖ್ಯ ಗಾಯಕಿಯಾಗಿ ಹಾಡುತ್ತಿದ್ದವಳು ಆಕೆ. ಆಮೇಲೆ ತಾನೇ ಎಂಟು ಧೂಮಕೇತು ಹುಡುಕಿದಳು, 1787ರಿಂದ ವರ್ಷಕ್ಕೆ 50 ಪೌಂಡ್ ಸಂಬಳ ಪಡೆದಳು, 97 ವರ್ಷ ಬದುಕಿದಳು. ಆದರೂ ಆ ಹಾಡು ನಿಂತದ್ದು ನನಗೆ ನಷ್ಟವಾಗಿಯೇ ಕಾಣುತ್ತದೆ.

ಹೊಳಪು ಕೊಡುವ ಹಂತದಲ್ಲಿ ಪಿಚ್ ಎಂಬ ವಿಚಿತ್ರ ವಸ್ತು ಬರುತ್ತದೆ. ಕರಗಿಸಿ ಕೆಳಗಿನ ಬಿಲ್ಲೆಯ ಮೇಲೆ ಹೊಯ್ದು, ಚೌಕ ಚೌಕವಾಗಿ ಗೆರೆ ಕೊರೆದು, ಸೀರಿಯಂ ಆಕ್ಸೈಡಿನ ನೀರು ಸವರಿ ಕನ್ನಡಿಯನ್ನು ಅದರ ಮೇಲೆ ತೇಯಬೇಕು. ಸುತ್ತಿಗೆಯಿಂದ ಹೊಡೆದರೆ ಪಿಚ್ ಗಾಜಿನಂತೆ ಒಡೆಯುತ್ತದೆ, ಸುಮ್ಮನೆ ಬಿಟ್ಟರೆ ಹರಿಯುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ಆಲಿಕೆಗೆ ತುಂಬಿಟ್ಟ ಪಿಚ್ 2014ರ ಹೊತ್ತಿಗೆ ಒಂಬತ್ತು ಹನಿ ತೊಟ್ಟಿಕ್ಕಿತ್ತು. ಈ ನಿಧಾನವೇ ನಮಗೆ ವರ. ಕನ್ನಡಿಯ ಮೈ ಬದಲಾದಂತೆ ಪಿಚ್ ಕೂಡ ಹರಿದು ಅದಕ್ಕೆ ಒಗ್ಗುತ್ತದೆ. ಬೇಸಿಗೆಯಲ್ಲಿ ಮೆತ್ತಗಾಗಿ ಸತಾಯಿಸುತ್ತದೆ, ಮಾಗಿಯಲ್ಲಿ ಕಲ್ಲಾಗಿ ಗೀರುತ್ತದೆ. ಹೆಬ್ಬೆರಳಿನ ಉಗುರು ಒತ್ತಿ ಹದ ನೋಡುವುದನ್ನು ಯಾವ ಪುಸ್ತಕವೂ ಪೂರ್ತಿ ಕಲಿಸಲಾರದು.

ಇಷ್ಟು ಸೂಕ್ಷ್ಮವನ್ನು ಅಳೆಯುವುದು ಹೇಗೆ? ಒಂದು ಶೇವಿಂಗ್ ಬ್ಲೇಡು ಸಾಕು. ಪ್ಯಾರಿಸ್ಸಿನ ಲಿಯಾನ್ ಫೂಕೋ 1858ರಲ್ಲಿ ಇದನ್ನು ತೋರಿಸಿಕೊಟ್ಟ. ಕತ್ತಲೆಯ ಕೋಣೆಯಲ್ಲಿ ಕನ್ನಡಿಯಿಂದ ಎಂಟಡಿ ದೂರದಲ್ಲಿ ಸೂಜಿಮೊನೆಯಷ್ಟು ಬೆಳಕಿಟ್ಟು, ಮರಳಿ ಬರುವ ಬೆಳಕನ್ನು ಬ್ಲೇಡಿನ ಅಂಚಿನಿಂದ ಕತ್ತರಿಸುತ್ತ ನೋಡಿದರೆ ಇಡೀ ಕನ್ನಡಿ ಸಂಜೆಬಿಸಿಲಿಗೆ ಸಿಕ್ಕ ಗುಡ್ಡಗಾಡಿನ ಹಾಗೆ ನೆರಳು ಬೆಳಕಾಗಿ ಕಾಣುತ್ತದೆ. ಮೈ ಶುದ್ಧ ಗೋಳವಾಗಿದ್ದರೆ ಒಮ್ಮೆಗೇ ಇಡೀ ಕನ್ನಡಿ ಮಂಕಾಗುತ್ತದೆ. ಹೆಬ್ಬೆರಳನ್ನು ಅರೆನಿಮಿಷ ಗಾಜಿಗೆ ಒತ್ತಿಹಿಡಿದು ಮತ್ತೆ ನೋಡಿ: ಬಿಸಿಗೆ ಹಿಗ್ಗಿದ ಗಾಜು ಅಲ್ಲೊಂದು ದಿಬ್ಬವಾಗಿ ನಿಂತಿರುತ್ತದೆ, ತಣ್ಣಗಾದಂತೆ ಕಣ್ಣೆದುರೇ ಕರಗುತ್ತದೆ. ಮನೆಗೆ ಬಂದವರಿಗೆಲ್ಲ ನಾನು ಶನಿಗ್ರಹದ ಬಳೆಗಿಂತ ಮೊದಲು ತೋರಿಸುವುದು ಇದನ್ನೇ.

ನಕ್ಷತ್ರದ ಬೆಳಕೆಲ್ಲ ಒಂದೇ ಬಿಂದುವಿನಲ್ಲಿ ಕೂಡಬೇಕಾದರೆ ಗೋಳ ಸಾಲದು; ಗೋಳದಿಂದ ಪ್ಯಾರಾಬೋಲಕ್ಕೆ ಹೋಗುವುದು ಕೊನೆಯ ಹೆಜ್ಜೆ. ಅಲ್ಲಿ ತೆಗೆಯಬೇಕಾದ ಗಾಜು ಎಷ್ಟು ಕಡಿಮೆಯೆಂದರೆ ಅರ್ಧ ಗಂಟೆ ಹೆಚ್ಚು ತೇದರೆ ಗುರಿ ದಾಟಿಹೋಗುತ್ತದೆ. 1990ರಲ್ಲಿ ಹಾರಿದ ಹಬಲ್ ದೂರದರ್ಶಕದ 2.4 ಮೀಟರ್ ಕನ್ನಡಿ ಅಂಚಿನಲ್ಲಿ ಸುಮಾರು 2 ಮೈಕ್ರಾನ್ ಹೆಚ್ಚು ಚಪ್ಪಟೆಯಾಗಿತ್ತು. ತೇದದ್ದರಲ್ಲಿ ಲೋಪವಿರಲಿಲ್ಲ, ಅಳೆಯುವ ಉಪಕರಣದ ಲೆನ್ಸೊಂದು 1.3 ಮಿಲಿಮೀಟರ್ ಆಚೀಚೆ ಕೂತಿತ್ತು. ಬೇರೆ ಸರಳ ಪರೀಕ್ಷೆಗಳು ಐಬನ್ನು ತೋರಿಸಿದ್ದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಕುಲದವರು ಸೇರಿದಾಗ ಈ ಕತೆಯನ್ನು ಸ್ವಲ್ಪ ಹೆಚ್ಚೇ ಸಂತೋಷದಿಂದ ಹೇಳಿಕೊಳ್ಳುತ್ತೇವೆ.

ನನಗೆ ಹೆಮ್ಮೆಯ ಸಂಗತಿ ಇನ್ನೊಂದಿದೆ. ಕಾವಲೂರಿನಲ್ಲಿರುವ 2.34 ಮೀಟರ್‌ನ ವೇಣು ಬಾಪ್ಪು ದೂರದರ್ಶಕದ ಕನ್ನಡಿಯನ್ನು ತೇದು ಹೊಳಪಿಸಿದ್ದು ನಮ್ಮ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯಲ್ಲಿ, ಎ. ಪಿ. ಜಯರಾಜನ್ ಅವರ ಮಾರ್ಗದರ್ಶನದಲ್ಲಿ. ಅಲ್ಲಿ ಯಂತ್ರವಿತ್ತು ನಿಜ. ಆದರೆ ಎಲ್ಲಿ ಇನ್ನಷ್ಟು ತೇಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುವುದು ಯಂತ್ರವಲ್ಲವಲ್ಲ.

ಇಷ್ಟು ಹೇಳಿ ಜಾನ್ ಡಾಬ್ಸನ್‌ನನ್ನು ಬಿಡುವಂತಿಲ್ಲ. 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿ ಸೇರಿ ರಾಮಕೃಷ್ಣ ಪಂಥದ ಸಾಧುವಾದ ರಸಾಯನಶಾಸ್ತ್ರದ ಪದವೀಧರ. ಹಡಗಿನ ಕಿಟಕಿಯ ಹಳೆಯ ಗಾಜು ತಂದು ಆಶ್ರಮದಲ್ಲಿ ಕದ್ದುಮುಚ್ಚಿ ಕನ್ನಡಿ ತೇಯುತ್ತಿದ್ದ, ರಾತ್ರಿ ದೂರದರ್ಶಕ ಉರುಳಿಸಿಕೊಂಡು ಹೋಗಿ ನೆರೆಯವರಿಗೆ ಚಂದ್ರನನ್ನು ತೋರಿಸುತ್ತಿದ್ದ. ಗೆಳೆಯನಿಗೆ ಬರೆಯುವ ಪತ್ರಗಳಲ್ಲಿ ದೂರದರ್ಶಕಕ್ಕೆ ಇಟ್ಟುಕೊಂಡಿದ್ದ ಗುಪ್ತನಾಮ ‘ಜೆರೇನಿಯಂ ಗಿಡ’. ಆಶ್ರಮದ ಕೆಲಸ ಕೆಡುತ್ತಿದೆ ಎಂದು 1967ರಲ್ಲಿ ಹೊರಗೆ ಕಳಿಸಿದರು. ಆತ ನೇರ ಬೀದಿಗಿಳಿದು, ಫುಟ್‌ಪಾತಿನಲ್ಲಿ ಹೋಗಿಬರುವವರಿಗೆಲ್ಲ ಆಕಾಶ ತೋರಿಸುತ್ತ 98ರ ವಯಸ್ಸಿನವರೆಗೆ ಬದುಕಿದ. ರಟ್ಟಿನ ಕೊಳವೆ, ಪ್ಲೈವುಡ್ ಪೆಟ್ಟಿಗೆಯ ಅವನ ಅಗ್ಗದ ವಿನ್ಯಾಸವನ್ನೇ ಇಂದು ಲೋಕದ ಎಷ್ಟೋ ಹವ್ಯಾಸಿಗಳು ಬಳಸುವುದು.

ನನ್ನ ಮಂಚದ ಕೆಳಗೂ ಎಂಟಿಂಚಿನ ಎರಡು ಹೊಸ ಗಾಜು ಬಂದು ಕೂತಿವೆ. ಬಚ್ಚಲ ಪಕ್ಕದ ಡ್ರಮ್ಮು ಇನ್ನಾದರೂ ಖಾಲಿಯಾಗುತ್ತದೆ ಎಂದು ಮನೆಯಾಕೆ ಕಾಯುತ್ತಿದ್ದಾಳೆ. ಪೊಟ್ಟಣದಲ್ಲಿ ಏನು ಬಂತು ಎಂದು ಕೇಳಿದಾಗ ಜೆರೇನಿಯಂ ಅಂದೆ. ಕುಂಡ ಎಲ್ಲಿಡುತ್ತೀರಿ ಎಂದು ಕೇಳಿದ್ದಾಳೆ.