ದ್ವೀಪದ ಕಥೆಗಳು 3: ನೋಟಿನ ಮೇಲೆ ಯಾರ ಭಾಷೆ?

ಬಿಕಾಂ ಓದೋರಿಗೆ ನೋಟು ಅಂದ್ರೆ ಲೆಕ್ಕ ಅಷ್ಟೇ. ಮಾರಿಷಸ್‌ನಲ್ಲಿ ಅದು ಮರ್ಯಾದೆ ವಿಷಯ.

ಅಲ್ಲಿನ ರೂಪಾಯಿ ನೋಟಲ್ಲಿ ಮೊದಲು ಇಂಗ್ಲಿಷ್, ಆಮೇಲೆ ತಮಿಳು, ಕೊನೆಗೆ ಹಿಂದಿ ಇತ್ತು. 1998ರ ಹೊಸ ನೋಟಲ್ಲಿ ಹಿಂದಿ ಮೇಲೆ ಬಂತು, ತಮಿಳು ಕೆಳಗಿಳೀತು. ತಮಿಳರು ಪ್ರತಿಭಟಿಸಿದ್ರು. 1834ರಿಂದ ಕಬ್ಬಿನ ತೋಟಕ್ಕೆ ಕೂಲಿಗಳ ಹಡಗು ಬರೋ ಮೊದಲೇ, ಫ್ರೆಂಚರ ಕಾಲದಲ್ಲೇ ಅಲ್ಲಿ ತಮಿಳರಿದ್ರು. ಬ್ಯಾಂಕ್ ನೋಟನ್ನೇ ವಾಪಸ್ ತಗೊಳ್ತು.

ಆದ್ರೆ ಅಲ್ಲಿ ಹೆಚ್ಚಿನವರ ಮನೆಮಾತು ಕ್ರಿಯೋಲ್. ಗುಲಾಮರಾಗಿ ತಂದವರ ಬಾಯಲ್ಲಿ ಬೆಳೆದ ಭಾಷೆ. ಅದು ನೋಟಲ್ಲೇ ಇರ್ಲಿಲ್ಲ!

ನಮ್ಮನೇಲಿ ತುಳು. ನಮ್ಮ ನೋಟು ತಿರುಗಿಸಿದ್ರೆ 15 ಭಾಷೆಗಳ ಪಟ್ಟಿಯಲ್ಲಿ ಕನ್ನಡ ಸಿಗುತ್ತೆ, ಖುಷಿ. ತುಳು ಸಿಗಲ್ಲ. ಅಜ್ಜಿ ಮಾತ್ರ ಅದೇ ನೋಟನ್ನ ತುಳುವಲ್ಲೇ ಎಣಿಸ್ತಾರೆ.

ನಿಮ್ಮನೆ ಮಾತು ಅದರಲ್ಲಿದ್ಯಾ?