ನಡುಗನ್ನಡ

"ಗಡಗಡವಾ, ಗುಂಯ್ಯಾ?"

ಮೇಸ್ತ್ರಿ ಕೇಳಿದ್ದು ಇಷ್ಟೇ. ಬಾನೆಟ್ ಎತ್ತಲಿಲ್ಲ, ಅಡಿಗೆ ಬಗ್ಗಲಿಲ್ಲ, ಎಷ್ಟು ಓಡಿದೆ ಎಂದು ಮೀಟರಿನತ್ತ ಕಣ್ಣು ಹಾಯಿಸಲೂ ಇಲ್ಲ. ತೊಟ್ಟಿಲಲ್ಲಿ ಮಗು ಸುಮ್ಮನಿಲ್ಲ ಎಂದರೆ ಅಜ್ಜಿ ಒಳಗಿನಿಂದಲೇ "ಅಳುವುದಾ, ಕುಂಯ್‌ಗುಡುವುದಾ?" ಎಂದು ಕೇಳುತ್ತಾಳಲ್ಲ, ಹಾಗೆ. ಚಿಕ್ಕಪ್ಪ ಒಂದು ಗಳಿಗೆ ಕಣ್ಣು ಮುಚ್ಚಿದರು. ಮೈಯೊಳಗೆ ಎಲ್ಲೋ ಇಟ್ಟು ಮರೆತದ್ದನ್ನು ತಡಕಾಡಿ ತೆಗೆದವರಂತೆ, "ಗುಂಯ್. ಎಂಬತ್ತಕ್ಕೆ ಹಿಡೀತದೆ," ಎಂದರು.

"ಹಾಗಾದ್ರೆ ಚಕ್ರ ಅಲ್ಲ ಮಾರಾಯ್ರೆ. ಟಯರಿಗೆ ದುಡ್ಡು ಹಾಕ್ಬೇಡಿ."

ಆ ಒಂದು ಮಾತಿನಲ್ಲಿ ಅರ್ಧ ಕಾರು ಪರೀಕ್ಷೆ ಮುಗಿಸಿ ಹೊರಗೆ ಬಂದಂತಾಯಿತು. ನಾನು ಅಲ್ಲೇ ಒಂದು ಹಳೆಯ ಟಯರಿನ ಮೇಲೆ ಕುಳಿತೆ. ಕೆಲಸವಿಲ್ಲದವರಿಗೆ ಗ್ಯಾರೇಜಿಗಿಂತ ಒಳ್ಳೆಯ ಜಗಲಿ ಇನ್ನೊಂದಿಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆ. ಅಲ್ಲಿ ಯಾರೂ ನಿಮ್ಮನ್ನು ಏಳಿಸುವುದಿಲ್ಲ. ಮಧ್ಯೆ ಮಧ್ಯೆ "ಆ ಹದಿಮೂರು ನಂಬರು ಸ್ಪ್ಯಾನರ್ ಕೊಡಿ" ಎಂದು ನಿಮ್ಮ ಇರವನ್ನು ಮಾನ್ಯ ಮಾಡುತ್ತಾರೆ.

ಕುಳಿತಲ್ಲೇ ಎಣಿಸತೊಡಗಿದೆ. ನಡುಕಕ್ಕೆ ನಮ್ಮಲ್ಲಿ ಎಷ್ಟು ಮಾತುಗಳು! ಚಳಿಗೆ ಗಡಗಡ, ಭಯಕ್ಕೆ ಥರಥರ, ಪುಳಕಕ್ಕೆ ಜುಮ್ಮು, ಎತ್ತಿನ ಗಾಡಿಗೆ ಲಟಲಟ, ಹಳೇ ಬಸ್ಸಿನ ಕಿಟಕಿಗೆ ಕಟಕಟ, ಹೊಟ್ಟೆಗೆ ಗುಡುಗುಡು. ವ್ಯಾಕರಣದ ಪುಸ್ತಕದಲ್ಲಿ ಇವಕ್ಕೆಲ್ಲ ಸೇರಿ ಅನುಕರಣಾವ್ಯಯವೆಂಬ ಒಂದೇ ಮೂಲೆ. ಗ್ಯಾರೇಜಿನಲ್ಲಿ ಮಾತ್ರ ಅವು ಒಂದೊಂದೂ ಒಂದೊಂದು ಭಾಗದ ವಿಳಾಸ. ಹಳಗನ್ನಡದ ಮಗ್ಗುಲಲ್ಲಿ ಬೇರೊಂದು ನಡುಗನ್ನಡವಿದೆ. ನಡುಗುವುದರ ಕನ್ನಡ. ಅದರ ಪಂಡಿತರು ಕಾಕಿ ಅಂಗಿ ತೊಟ್ಟು ಕಾರಿನಡಿಯಲ್ಲಿ ಅಂಗಾತ ಮಲಗಿರುತ್ತಾರೆ.

ಕಾರಿನ ವಿಷಯ ಹೇಳಬೇಕು. ಅದು 1983ರ ಮರ್ಸಿಡಿಸ್, 240 ಡಿ. ಕಂಪನಿಯ ಲೆಕ್ಕದಲ್ಲಿ ಡಬ್ಲ್ಯು 123 ಎಂಬ ಮನೆತನ. 1976ರಲ್ಲಿ ಶುರುವಾಗಿ ಸುಮಾರು ಹತ್ತು ವರ್ಷಗಳಲ್ಲಿ 27 ಲಕ್ಷದ ಹತ್ತಿರ ಹುಟ್ಟಿದ ಕಾರುಗಳು. ಚಿಕ್ಕಪ್ಪ ಮುಂಬಯಿಯ ಹೋಟೆಲು ಮಾರಿ ಊರಿಗೆ ಬರುವಾಗ ಪಾತ್ರೆ ಪಗಡಿಯ ಜೊತೆ ತಂದದ್ದು ಇದೊಂದನ್ನೇ. ನಾಲ್ಕು ಗೇರಿನ ಆಟೋಮ್ಯಾಟಿಕ್. ಊರಿನ ಹುಡುಗರು ಕಿಟಕಿಯಲ್ಲಿ ಇಣುಕಿ "ಇದಕ್ಕೆ ಕ್ಲಚ್ಚೇ ಇಲ್ಲ!" ಎಂದು ಒಬ್ಬರನ್ನೊಬ್ಬರು ಕರೆದು ತೋರಿಸುತ್ತಿದ್ದರು. ನಿಂತಲ್ಲಿ ಡೀಸೆಲ್ ಎಂಜಿನ್ನಿನ ಗುಡುಗುಡು, ಹೊರಟ ಮೇಲೆ ಆನೆಯ ನಡೆ. ಎರಡು ವರ್ಷದ ಹಿಂದೆ ಗೇರು ಜಾರತೊಡಗಿತ್ತು, ಎಂಜಿನ್ ಏರಿದರೂ ಬಂಡಿ ಏರುತ್ತಿರಲಿಲ್ಲ. ಬೇರೆ ಊರಿನಲ್ಲಿ ಗೇರ್ ಬಾಕ್ಸ್ ಇಳಿಸಿ, ಬಿಚ್ಚಿ, ಹೊಸ ಪ್ಲೇಟು ಹಾಕಿಸಿದ್ದಾಯಿತು. ಜಾರುವುದು ನಿಂತಿತು. ಗುಂಯ್ ಎನ್ನುವುದು ಬಂತು. ಚಿಕ್ಕಪ್ಪ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡಿದ್ದರು, ಕಾರಿನದ್ದೂ ತಮ್ಮದೂ ಸೇರಿಸಿ.

ಟಯರಲ್ಲ ಎಂದು ಮೇಸ್ತ್ರಿ ಅಷ್ಟು ಸಲೀಸಾಗಿ ಹೇಳಿದ್ದು ಹೇಗೆ? ನಾನು ಟಯರಿನ ಮೇಲೆ ಕುಳಿತೇ ಲೆಕ್ಕ ಹಾಕಿದೆ. ಆ ಚಕ್ರ ಒಂದು ಸುತ್ತು ಬಂದರೆ ಕಾರು ಹೆಚ್ಚೂಕಡಿಮೆ ಎರಡು ಮೀಟರು ಮುಂದೆ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರು, ಅಂದರೆ ಚಕ್ರ ಸೆಕೆಂಡಿಗೆ 11 ಸುತ್ತು. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರದತ್ತ ಹೋಗುವ ಉದ್ದನೆಯ ಶಾಫ್ಟು ಈ ಕಾರಿನಲ್ಲಿ ಚಕ್ರದ 3.69 ಪಟ್ಟು ತಿರುಗುತ್ತದೆ, ಸೆಕೆಂಡಿಗೆ 40 ಸುತ್ತಿನ ಮೇಲೆ. ಮನುಷ್ಯನ ಕಿವಿಗೆ ಸೆಕೆಂಡಿಗೆ 20ಕ್ಕಿಂತ ಕೆಳಗಿನ ಕಂಪನ ನಾದವಾಗಿ ಸಿಕ್ಕುವುದಿಲ್ಲ, ಅದನ್ನು ಮೈ ಹಿಡಿಯುತ್ತದೆ, ಒಂದೊಂದು ಪೆಟ್ಟನ್ನೂ ಬಿಡಿಬಿಡಿಯಾಗಿ. 20 ದಾಟಿದರೆ ಪೆಟ್ಟುಗಳು ಒಂದಕ್ಕೊಂದು ಹೆಣೆದುಕೊಂಡು ನಾದವಾಗುತ್ತವೆ. ಗಡಗಡ ಎನ್ನುವ ಮಾತನ್ನೇ ಬಾಯಲ್ಲಿ ಆಡಿಸಿ ನೋಡಿ, ಒಂದೊಂದು ಅಕ್ಷರವೂ ಬೇರೆ ಬೇರೆ ಬೀಳುತ್ತದೆ. ಗುಂಯ್ ಎಂದರೆ ಒಂದೇ ಎಳೆ, ಉಸಿರು ಮುಗಿಯುವವರೆಗೂ ಎಳೆಯಬಹುದು. ಚಕ್ರದ 11 ಗಡಗಡ, ಶಾಫ್ಟಿನ 40 ಗುಂಯ್. ಮೇಸ್ತ್ರಿ ಲೆಕ್ಕ ಮಾಡಿದ್ದರೆಂದು ನಾನು ಹೇಳುವುದಿಲ್ಲ. ಮಾತೇ ಲೆಕ್ಕ ಮಾಡಿಟ್ಟಿತ್ತು. ಭೌತಶಾಸ್ತ್ರದ ಒಂದು ಗಡಿರೇಖೆ ಎರಡು ಅನುಕರಣಶಬ್ದಗಳ ನಡುವೆ ಹಾದುಹೋಗಿದೆ ಎಂದು ತಿಳಿದ ಸುಖಕ್ಕೆ ನಾನು ಟಯರಿನಿಂದ ಎದ್ದು ಒಂದು ಚಾ ಕುಡಿದು ಬಂದೆ.

ಎಂಬತ್ತರಲ್ಲಿ, ನಾಲ್ಕನೇ ಗೇರಿನಲ್ಲಿ, ಎಂಜಿನ್ನೂ ಶಾಫ್ಟೂ ಹತ್ತಿರಹತ್ತಿರ ಒಂದೇ ವೇಗದಲ್ಲಿ ತಿರುಗುತ್ತವೆ. ಹಾಗಾಗಿ ಗುಂಯ್ ಯಾರದ್ದು ಎಂಬ ಪ್ರಶ್ನೆ ಉಳಿಯಿತು. "ಮರವಂತೆಗೆ ಹೋಗಿ ಬರುವ," ಎಂದರು ಮೇಸ್ತ್ರಿ.

ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಪ್ರವಾಸಿಗರು ಅಲ್ಲಿ ನೋಡಲು ನಿಲ್ಲಿಸುತ್ತಾರೆ. ನಾವು ಕೇಳಲು ಹೋದೆವು. ಎಂಬತ್ತು ಹಿಡಿಯಿತು. ಗುಂಯ್ ಬಂತು, ಸೀಟಿನಡಿಯಿಂದ ಹುಟ್ಟಿ ಬೆನ್ನುಹುರಿಯ ತುದಿಯಲ್ಲಿ ಕುಳಿತಿತು. ಹಿಂದೆ ಮುಂದೆ ಯಾರೂ ಇಲ್ಲದ್ದು ನೋಡಿ ಮೇಸ್ತ್ರಿ ಲಿವರನ್ನು ನ್ಯೂಟ್ರಲ್ಲಿಗೆ ತಳ್ಳಿದರು. ಎಂಜಿನ್ ಕೆಳಗಿಳಿದು ತನ್ನ ಪಾಡಿಗೆ ಗುಡುಗುಡಿಸುತ್ತ ಕುಳಿತಿತು, ಬಂಡಿ ಮಾತ್ರ ತನ್ನ ಓಟದಲ್ಲೇ ತೇಲಿತು. ಗುಂಯ್ ಹೋಗಲಿಲ್ಲ.

"ಎಂಜಿನ್ನಿನದ್ದಲ್ಲ. ಗೇರಿನ ಹಿಂದೆ ಉಂಟು."

ಹಿಂದಿರುಗಿದಾಗ ಗ್ಯಾರೇಜಿನ ಮೇಜಿನ ಮೇಲೆ ಬೇರೊಂದು ಕಾರಿನ ಆಟೋ ಗೇರು ಹರಡಿಕೊಂಡಿತ್ತು. ನಮ್ಮ ಸರದಿ ಮರುದಿನಕ್ಕೆ. ನನಗೆ ಅದೇ ಬೇಕಾಗಿತ್ತು. ಆಟೋಮ್ಯಾಟಿಕ್ ಗೇರ್ ಬಾಕ್ಸನ್ನು ಬಿಚ್ಚಿದ್ದು ನೋಡದವರಿಗೆ ಅದು ಕಬ್ಬಿಣದ ಮುದ್ದೆ. ಬಿಚ್ಚಿದ ಮೇಲೆ ನೋಡಿದರೆ ಅದರಷ್ಟು ಒದ್ದೆಯಾದ, ಮೆತ್ತಗಿನ ಯಂತ್ರ ಇನ್ನೊಂದಿಲ್ಲ. ಒಳ್ಳೆಯ ಆಯಿಲು ಪುನರ್ಪುಳಿ ಶರಬತ್ತಿನ ಕೆಂಪು. ಕೆಟ್ಟದ್ದು ಕಾಫಿ ಗಷ್ಟದ ಬಣ್ಣ, ಒಲೆಯ ಮೇಲೆ ಮರೆತ ಪಲ್ಯದ ವಾಸನೆ. ಹಳೆಯ ಬಗೆಯವುಗಳಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಗಟ್ಟಿ ಕೊಂಡಿಯೇ ಇಲ್ಲ, ಇರುವುದು ಈ ಕೆಂಪು ದ್ರವವೇ. ಒಂದು ರೆಕ್ಕೆಚಕ್ರ ಆಯಿಲನ್ನು ಎರಚುತ್ತದೆ, ಎದುರಿನ ರೆಕ್ಕೆಚಕ್ರ ಆ ಎರಚಲಿಗೆ ತಿರುಗುತ್ತದೆ. ಇದನ್ನು 1905ರಲ್ಲಿ ಕಂಡುಹಿಡಿದ ಹರ್ಮನ್ ಫೊಟಿಂಗರ್ ಎಂಬ ಜರ್ಮನ್ ಎಂಜಿನಿಯರಿಗೆ ಕಾರಿನ ಯೋಚನೆ ಇರಲಿಲ್ಲ. ಅವನು ಹಡಗುಕಟ್ಟೆಯವನು, ಹಡಗಿನ ಟರ್ಬೈನಿನ ಓಟವನ್ನು ಪ್ರೊಪೆಲ್ಲರಿಗೆ ಮುಟ್ಟಿಸಲು ಮಾಡಿದ್ದದು. ನೀರಿನವರ ಉಪಾಯ ನೆಲಕ್ಕೆ ಬಂತು. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಎಂಬ ಹೆಸರಿನಲ್ಲಿ ಕ್ಲಚ್ ಪೆಡಲನ್ನು ಅಳಿಸಿಹಾಕಿತು.

ಒಳಗೆ ನಡುವೆ ಒಂದು ಸೂರ್ಯ ಗೇರು, ಸುತ್ತ ಗ್ರಹ ಗೇರುಗಳು, ಹೊರಗೊಂದು ಬಳೆ. ಯಾವುದನ್ನು ಹಿಡಿದು ನಿಲ್ಲಿಸಿದರೆ ಯಾವ ವೇಗ ಎಂಬ ಈ ಏರ್ಪಾಡಿಗೆ ಗ್ರಹಗತಿ ಎನ್ನದೆ ಇನ್ನೇನೆನ್ನಲಿ! ಹಿಡಿದು ನಿಲ್ಲಿಸುವವು ಪ್ಲೇಟುಗಳು, ರಟ್ಟಿನಂಥ ಮೈಯ ಒಂದು, ಉಕ್ಕಿನದೊಂದು, ಮತ್ತೆ ರಟ್ಟಿನಂಥದು, ನೀರುದೋಸೆ ಪೇರಿಸಿದ ಹಾಗೆ. ಹೊಸ ಪ್ಲೇಟುಗಳನ್ನು ಜೋಡಿಸುವ ಮೊದಲು ಆಯಿಲಿನಲ್ಲಿ ನೆನೆಹಾಕುತ್ತಾರೆ. ಅಕ್ಕಿ ನೆನೆಯದೆ ದೋಸೆಯಿಲ್ಲ ಎಂಬಷ್ಟೇ ಖಚಿತ ನಿಯಮ. ಉದುರಿಹೋಗುವ ಸಣ್ಣಪುಟ್ಟ ಭಾಗಗಳನ್ನು ವ್ಯಾಸಲೀನ್ ಸವರಿ ಅಂಟಿಸುತ್ತಾರೆ, ಬಿಸಿ ಆಯಿಲಿನಲ್ಲಿ ಅದು ತಾನಾಗಿ ಕರಗಿ ಸೇರುತ್ತದೆ. ಎಳೆ ಬಿಡುವ ಬಟ್ಟೆಯನ್ನು ಹತ್ತಿರ ಸೇರಿಸುವ ಹಾಗಿಲ್ಲ. ಒಂದು ನೂಲು ಸಿಕ್ಕಿಕೊಂಡರೆ ಒಂದು ವಾಲ್ವು ಮೂಕ. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ವಾಲ್ವ್ ಬಾಡಿ. ಅಲ್ಯೂಮಿನಿಯಮ್ಮಿನ ಹಲಗೆಯಲ್ಲಿ ಕೊರೆದ ಓಣಿಗಳು, ತಿರುವುಗಳು, ಅಲ್ಲಲ್ಲಿ ಗುಳಿಗಳಲ್ಲಿ ಕುಳಿತ ಪುಟ್ಟ ಗುಂಡುಗಳು. ಸಾಕ್ಷಾತ್ ಚೆನ್ನೆಮಣೆ. ಚೆನ್ನೆಮಣೆಗೆ ಗುಳಿ ಹದಿನಾಲ್ಕು, ಕಾಯಿ ಎಲ್ಲಿದ್ದರೂ ಆಟ ನಡೆಯುತ್ತದೆ. ಇಲ್ಲಿ ಒಂದು ಗುಂಡು ಗುಳಿ ತಪ್ಪಿದರೂ ಆಟ ನಿಂತಿತು.

ಜೋಡಿಸಿದ ಮೇಲೆ ಮೇಸ್ತ್ರಿ ಒಂದೊಂದೇ ತೂತಿಗೆ ಕಂಪ್ರೆಸರಿನ ಗಾಳಿ ಊದಿದರು. ಒಳಗೆ ಎಲ್ಲೋ ಪಿಸ್ಟನ್ ಹೋಗಿ ಪ್ಲೇಟುಗಳನ್ನು ಒತ್ತಿ, "ಟುಕ್." ಅವರು ತಲೆಯಾಡಿಸಿದರು. ಇನ್ನೊಂದು ತೂತು, ಇನ್ನೊಂದು ಟುಕ್. ಮೂರನೆಯದು "ಟುಸ್ಸ್" ಎಂದಿತು. ಅವರು ಏನೂ ಹೇಳದೆ ಎಲ್ಲವನ್ನೂ ಮತ್ತೆ ಬಿಚ್ಚತೊಡಗಿದರು. ಸೀಲಿನ ಅಂಚು ಒಂದು ಕೂದಲಿನಷ್ಟು ಮಡಚಿಕೊಂಡಿತ್ತು. ಟುಕ್ ಮತ್ತು ಟುಸ್ಸ್ ಎಂಬ ಎರಡು ಮಾತುಗಳ ನಡುವೆ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಇಷ್ಟು ಅರ್ಥವತ್ತಾದ ಮಧ್ಯಾಹ್ನ ನನಗೆ ಇತ್ತೀಚೆಗೆ ಸಿಕ್ಕಿಲ್ಲ.

ಮರುದಿನ ನಮ್ಮ ಕಾರು ಗುಂಡಿಯ ಮೇಲೆ ನಿಂತಿತು. ಈ ಕಾರಿನ ಶಾಫ್ಟು ಎರಡು ತುಂಡಿನದು. ಎರಡು ತುದಿಯಲ್ಲೂ ಅಂಗೈಯಗಲದ ರಬ್ಬರ್ ಕಪ್ಲಿಂಗು, ನಡುವೆ ತೂಗುವ ಬೇರಿಂಗು, ಅದರ ಪಕ್ಕದಲ್ಲಿ ಕ್ರಾಸ್ ಎಂಬ ಒಂದು ಕೀಲು. ಅಪ್ಪನ ಅಂಬಾಸಿಡರಿನಲ್ಲಿ ಶಾಫ್ಟ್ ಒಂದೇ ತುಂಡು, ತುದಿಗೊಂದರಂತೆ ಕ್ರಾಸ್ ಎರಡು. ಹದಿನಾರನೇ ಶತಮಾನದ ಇಟಲಿಯ ಕಾರ್ಡಾನೋ ಹೆಸರಿನಲ್ಲಿ ಕರೆಯುವ ಈ ಕೀಲಿಗೆ ಒಂದು ಸ್ವಭಾವವುಂಟು. ಕೋನದಲ್ಲಿ ತಿರುಗುವಾಗ ಅದು ಸಮನಾಗಿ ತಿರುಗಲಾರದು. ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದುಳಿಯುತ್ತದೆ. ಎರಡನೇ ಕ್ರಾಸನ್ನು ಸರಿಯಾದ ದಿಕ್ಕಿಗೆ ಜೋಡಿಸಿದರೆ ಅದು ಮೊದಲನೆಯದು ಮುಂದೋಡಿದಾಗ ಹಿಂದುಳಿದು, ಹಿಂದುಳಿದಾಗ ಮುಂದೋಡಿ, ಚಕ್ರದತ್ತ ನಯವಾದ ಸುತ್ತನ್ನೇ ಕಳಿಸುತ್ತದೆ. ಅಪ್ಪ ಅಮ್ಮ ಸಂಸಾರ ತೂಗಿಸಿದ್ದು ಹೀಗೇ ಎಂದು ನನಗೆ ಆ ಗುಂಡಿಯ ಬದಿಯಲ್ಲಿ ಹೊಳೆಯಿತು. ಇಬ್ಬರೂ ಸಮನಾಗಿ ತಿರುಗಿದವರಲ್ಲ.

ಮೇಸ್ತ್ರಿ ಟಾರ್ಚು ಹಿಡಿದು ಶಾಫ್ಟಿನ ಮೈ ಒರೆಸಿದರು. ಗ್ರೀಸಿನಡಿಯಿಂದ ಒಂದು ಗುರುತು ಎದ್ದಿತು. ಅದರ ಜೊತೆಗುರುತು ಎದುರಿನ ತುಂಡಿನಲ್ಲಿ ಅದಕ್ಕೆ ನೇರ ಇರಬೇಕಿತ್ತು. ಅದು ಹಿಂದೆ ತಿರುಗಿ ಕುಳಿತಿತ್ತು, ಸರೀ ಅರ್ಧ ಸುತ್ತು. ಎರಡು ತುಂಡುಗಳನ್ನು ಒಟ್ಟಿಗೆ ತೂಗಿ ಸಮ ಮಾಡಿರುತ್ತಾರೆ. ಒಂದನ್ನು ತಿರುಗಿಸಿ ಕೂರಿಸಿದರೆ ಆ ಸಮತೂಕವೇ ಭಾರವಾಗುತ್ತದೆ. ಗೇರ್ ಬಾಕ್ಸ್ ಇಳಿಸಬೇಕಾದರೆ ಮೊದಲು ಶಾಫ್ಟು ಇಳಿಯಬೇಕು. ಎರಡು ವರ್ಷದ ಹಿಂದೆ ಆ ಬೇರೆ ಊರಿನಲ್ಲಿ ಯಾವುದೋ ಕೈ ಸಂಜೆಯ ಅವಸರದಲ್ಲಿ ಇದನ್ನು ಏರಿಸಿರಬೇಕು.

ಬಿಚ್ಚಿ ತಿರುಗಿಸುವುದು ಬೇಗ ಮುಗಿಯಿತು. ನಿಧಾನವಾದದ್ದು ಕೊನೆಯ ಒಂದು ನಟ್ಟು. ಎರಡು ತುಂಡು ಸೇರುವಲ್ಲಿ ಇರುವ ದೊಡ್ಡ ನಟ್ಟನ್ನು ಸಡಿಲವಾಗಿಯೇ ಬಿಟ್ಟು ಉಳಿದದ್ದೆಲ್ಲ ಬಿಗಿಮಾಡಬೇಕು. ರಬ್ಬರಿನ ಬೋಲ್ಟುಗಳಲ್ಲೂ ತಲೆಯನ್ನು ಹಿಡಿದುಕೊಂಡು ನಟ್ಟನ್ನಷ್ಟೇ ತಿರುಗಿಸಬೇಕು, ರಬ್ಬರು ತಿರುಚಿಕೊಳ್ಳಬಾರದು. ಆಮೇಲೆ ಕಾರನ್ನು ಕೈಯಿಂದ ದೂಡಬೇಕು.

"ಸ್ವಲ್ಪ ಮುಂದೆ... ಸ್ವಲ್ಪ ಹಿಂದೆ..." ಎಂದು ಗುಂಡಿಯೊಳಗಿಂದ ಮೇಸ್ತ್ರಿಯ ದನಿ. ನಾನೂ ಚಿಕ್ಕಪ್ಪನೂ ಡಿಕ್ಕಿಗೆ ಕೈಯಾನಿಸಿ ತೊಟ್ಟಿಲು ತೂಗುವ ಹಾಗೆ ತೂಗಿದೆವು. ಶಾಫ್ಟಿಗೆ ಯಾರೂ ಜಾಗ ತೋರಿಸುವುದಿಲ್ಲ. ಹಿಂದೆಮುಂದಾಗುತ್ತ ಅದು ತನಗೆ ಎಳೆತವಿಲ್ಲದ ಒಂದು ಜಾಗವನ್ನು ತಾನೇ ಹುಡುಕಿ ಕೂರುತ್ತದೆ. ಕೂತ ಮೇಲೆ ನಟ್ಟು ಬಿಗಿ. "ಸಾಕು," ಎಂದರು ಒಳಗಿನಿಂದ. ಅವರಿಗೆ ಹೇಗೆ ತಿಳಿಯಿತೆಂದರೆ, ಅಂಗೈ ಶಾಫ್ಟಿನ ಮೇಲಿತ್ತು.

ಸಂಜೆ ಮೂವರೂ ಮತ್ತೆ ಮರವಂತೆಗೆ ಹೋದೆವು. ಈ ಸಲ ಚಿಕ್ಕಪ್ಪನೇ ಸ್ಟಿಯರಿಂಗ್ ಹಿಡಿದಿದ್ದರು. ಅರವತ್ತು, ಎಪ್ಪತ್ತು, ಎಂಬತ್ತು. ಯಾರೂ ಮಾತಾಡಲಿಲ್ಲ. ರಸ್ತೆ ಖಾಲಿಯಿತ್ತು. ಚಿಕ್ಕಪ್ಪ ಕೇಳದೆಯೇ ಲಿವರನ್ನು ನ್ಯೂಟ್ರಲ್ಲಿಗೆ ತಳ್ಳಿದರು, ಎಂಜಿನ್ ಕೆಳಗಿಳಿಯಿತು, ಕಾರು ತೇಲಿತು. ಮೇಸ್ತ್ರಿ ಹಿಂದಿನ ಸೀಟಿನಲ್ಲಿ ನೆಲಕ್ಕೆ ಅಂಗೈಯೂರಿ ಕುಳಿತಿದ್ದರು. ತೆರೆದ ಕಿಟಕಿಯಿಂದ, ಆ ಕಾರಿನೊಳಗೆ ಎರಡು ವರ್ಷದಲ್ಲಿ ಮೊದಲ ಸಲ, ಕಡಲು ಕೇಳಿಸಿತು.