ಮುಂಗಾಲಿನ ಜೀರ್ಣೋದ್ಧಾರ

ಹಂಪಿಯ ವಿಠ್ಠಲ ದೇವಾಲಯದ ಪ್ರಾಂಗಣದಲ್ಲಿರುವ ಕಲ್ಲಿನ ರಥವನ್ನು ನೋಡದವರು ಈ ಸೀಮೆಯಲ್ಲಿ ವಿರಳ. ಆದರೆ ಅದರ ಮುಂದೆ ನಿಂತಿರುವ ಎರಡು ಆನೆಗಳು ಮೂಲದಲ್ಲಿ ಆ ರಥಕ್ಕೆ ಸೇರಿದವಲ್ಲವೆಂಬುದನ್ನು ಗಮನಿಸಿದವರು ಇನ್ನೂ ವಿರಳ. ಹಿಂದೆ ಅಲ್ಲಿ ಕುದುರೆಗಳಿದ್ದುವು. ಅವುಗಳ ಹಿಂಗಾಲು ಬಾಲಗಳ ಗುರುತು ಆನೆಗಳ ಬೆನ್ನ ಹಿಂದೆ ಇಂದಿಗೂ ಕಾಣುತ್ತದೆ. ರಥದ ಮೇಲಿದ್ದ ಇಟ್ಟಿಗೆಯ ಶಿಖರವಂತೂ ೧೮೫೬ರಲ್ಲಿ ಗ್ರೀನ್‌ಲಾ ಎಂಬಾತನು ತೆಗೆದ ಛಾಯಾಚಿತ್ರದಲ್ಲಿ ಕಾಣುತ್ತದೆ, ಇಂದು ಉಳಿದಿಲ್ಲ. ಜೀರ್ಣವಾದುದನ್ನು ಉದ್ಧರಿಸುವಾಗ ಏನನ್ನು ಉಳಿಸಬೇಕು, ಏನನ್ನು ಬದಲಿಸಬೇಕು ಎಂಬ ಪ್ರಶ್ನೆ ಪ್ರಾಚೀನವಾದುದು. ಕಂಪ್ಲಿಯ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಅದು ತಂದೆಯ ಮೋಟಾರು ಸೈಕಲ್ಲಿನ ರೂಪದಲ್ಲಿ ಎದುರಾಯಿತು.

ಆ ವಾಹನ ೧೯೬೮ರ ಜಾವಾ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಿಂದ ಜಾವಾಗಳನ್ನೂ, ೧೯೭೩ರಿಂದ ಯೆಜ್ಡಿ ಎಂಬ ಹೆಸರಿನ ವಾಹನಗಳನ್ನೂ ತಯಾರಿಸಿ ೧೯೯೬ರಲ್ಲಿ ಬಾಗಿಲು ಮುಚ್ಚಿತು. ಒಂದೇ ಸನ್ನೆಯನ್ನು ಒದ್ದರೆ ಯಂತ್ರ ಹೊರಡುವ, ಅದನ್ನೇ ಮುಂದಕ್ಕೆ ಮಡಿಸಿದರೆ ಗೇರಾಗುವ ಆ ಚಮತ್ಕಾರವನ್ನು ಹಳೆಯ ತಲೆಮಾರು ಮರೆತಿಲ್ಲ. ೨೦೧೮ರಲ್ಲಿ ಜಾವಾ ಎಂಬ ಹೆಸರು ಮರಳಿ ಬಂದರೂ ಅದು ೨೯೩ ಸಿ.ಸಿ.ಯ ಬೇರೆಯೇ ಯಂತ್ರ. ಹಳೆಯದಕ್ಕೆ ಅದರ ಬಿಡಿಭಾಗ ಒದಗುವಂತಿಲ್ಲ.

ಉಪಾಧ್ಯಾಯರ ತಂದೆ ಕಂಪೌಂಡರಾಗಿದ್ದವರು. ಔಷಧದ ಪೆಟ್ಟಿಗೆಯನ್ನು ಹಿಂದೆ ಕಟ್ಟಿಕೊಂಡು ಸಂಡೂರಿನ ಗಣಿಗಳವರೆಗೂ ಹೋಗಿಬರುತ್ತಿದ್ದರು. ಕೊನೆಕೊನೆಗೆ ಗಾಡಿಯ ಮುಂದಿನ ಫೋರ್ಕಿನಿಂದ ಎಣ್ಣೆ ಸೋರಿ ಅಂಗಳದಲ್ಲಿ ಕಲೆ ಬೀಳುತ್ತಿತ್ತು. "ಒಂದು ಗಾಡಿ ನೆಟ್ಟಗೆ ಇಟ್ಟುಕೊಳ್ಳೋಕೆ ಬರಲ್ವಾ ನಿಮಗೆ?" ಎಂದು ಆಗ ಬಿ.ಎಡ್. ಓದುತ್ತಿದ್ದ ಮಗ ಒಮ್ಮೆ ಆಡಿಬಿಟ್ಟರು. ತಂದೆ ಉತ್ತರ ಕೊಡಲಿಲ್ಲ. ೧೯೯೪ರಲ್ಲಿ ಅವರು ತೀರಿಕೊಂಡ ಮೇಲೆ ಗಾಡಿ ದನದ ಕೊಟ್ಟಿಗೆ ಸೇರಿತು. ೨೦೨೪ರಲ್ಲಿ ನಿವೃತ್ತರಾದ ಮಗ, ಅದನ್ನು ಹೊರತೆಗೆದು ಹೊಸಪೇಟೆಯ ವೃದ್ಧ ಮೇಸ್ತ್ರಿಯೊಬ್ಬರ ಬಳಿಗೆ ಸಾಗಿಸಿದರು.

ಫೋರ್ಕಿನ ರಚನೆ ಸರಳವಾದುದು. ನುಣುಪಾದ ಉಕ್ಕಿನ ಕೊಳವೆಯ ಮೇಲೆ ಹೊರಗಿನ ಕಾಲು ಜಾರುತ್ತದೆ. ಒಳಗಿನ ಸ್ಪ್ರಿಂಗ್ ಹೊಡೆತವನ್ನು ತಾಳುತ್ತದೆ. ಎಣ್ಣೆ ಅದರ ಕುಣಿತವನ್ನು ಅಡಗಿಸುತ್ತದೆ. ಎಣ್ಣೆ ಹೊರಹೋಗದಂತೆ ರಬ್ಬರಿನ ಆಯಿಲ್ ಸೀಲ್ ಕಾಯುತ್ತದೆ. ಸಂಡೂರಿನ ಕೆಂಧೂಳು ಬರಿಯ ಮಣ್ಣಲ್ಲ, ಕಬ್ಬಿಣದ ಅದಿರಿನ ಪುಡಿ. ಎಣ್ಣೆಪಸೆಗೆ ಅಂಟಿದ ಆ ಪುಡಿ ಉಪ್ಪುಕಾಗದದಂತೆ ಕೊಳವೆಯ ಕ್ರೋಮನ್ನು ಉಜ್ಜಿತ್ತು. ಉಜ್ಜಿದೆಡೆಯಲ್ಲಿ ತುಕ್ಕು ಕುಳಿ ತೋಡಿತ್ತು. ಕುಳಿಯ ಅಂಚು ಸೀಲನ್ನು ಹರಿದಿತ್ತು. ಕೊಳವೆ ಹಾಗೆಯೇ ಇದ್ದರೆ ಎಷ್ಟು ಹೊಸ ಸೀಲು ಹಾಕಿದರೂ ಹರಿಯುವುದೆಂದು ಮೇಸ್ತ್ರಿ ಬೆರಳಾಡಿಸಿಯೇ ಹೇಳಿದರು.

ಅಲ್ಲಿಂದ ಶೋಧ ಮೊದಲಾಯಿತು. ಹೊಸಪೇಟೆಯ ಅಂಗಡಿಗಳಲ್ಲಿ ಜಾವಾದ ಹೆಸರೆತ್ತಿದರೆ ನಗುವೇ ಉತ್ತರ. ಗುಜರಿಯಲ್ಲಿ ದೊರೆತ ಒಂದು ಕೊಳವೆ ಹೊರನೋಟಕ್ಕೆ ಒಂದೇ ಆಗಿ ಕಂಡರೂ ಪಕ್ಕದಲ್ಲಿಟ್ಟು ಅಳೆದಾಗ ಗಿಡ್ಡವಾಗಿತ್ತು. ಓಲೆಗ್ರಂಥದಲ್ಲಿ ಛಂದಸ್ಸಿಗೆ ಹೊಂದುವಂತೆ ತೋರುವ ಪ್ರಕ್ಷಿಪ್ತ ಪದ್ಯದಂತೆ ಅದು ಸೇರಿಕೊಳ್ಳುತ್ತಿತ್ತು. ಅರ್ಥ ಮಾತ್ರ ಕೆಡುತ್ತಿತ್ತು. ಮೇಸ್ತ್ರಿ ಅದನ್ನು ಹಿಂದಿರುಗಿಸಿದರು. ಸೀಲಿಗೆ ಅವರು ಬೇರೆ ದಾರಿ ತೋರಿದರು: ಸೀಲಿಗೆ ಗಾಡಿಯ ಹೆಸರು ಬೇಡ, ಒಳವ್ಯಾಸ, ಹೊರವ್ಯಾಸ, ದಪ್ಪ ಎಂಬ ಮೂರು ಅಳತೆ ಸಾಕು. ಲಾರಿಗಳ ಬೇರಿಂಗ್ ಮಾರುವ ಅಂಗಡಿಯಲ್ಲಿ ಅದೇ ಅಳತೆಯ ಸೀಲು ಸಿಕ್ಕಿತು. ಗನ್‌ಮೆಟಲ್ಲಿನ ಬುಷ್‌ಗಳನ್ನು ಸಂಡೂರಿನ ಲೇತ್ ಒಂದರಲ್ಲಿ ತಿರುವಿಸಿದರು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ತಡೆದು ಲಾರಿಗಳು ನಿಂತಾಗ ಕೆಲಸವಿಲ್ಲದೆ ಕುಳಿತು, ಮತ್ತೆ ಚೇತರಿಸಿಕೊಂಡ ಲೇತ್ ಅದು.

ಕೊಳವೆಗಳನ್ನು ಬೆಂಗಳೂರಿನ ಪೀಣ್ಯಕ್ಕೆ ಕಳುಹಿಸುವುದಾಯಿತು. ಕುಳಿ ಮಾಯವಾಗುವವರೆಗೆ ಅರೆದು, ಹಾರ್ಡ್ ಕ್ರೋಮ್ ಏರಿಸಿ, ಮತ್ತೆ ಮೂಲ ವ್ಯಾಸಕ್ಕೆ ಅರೆಯುವುದು ಅಲ್ಲಿನ ಕ್ರಮ. ಸವೆದ ಕೊಳವೆಯ ಮೂಲ ವ್ಯಾಸವನ್ನು ಅರಿಯುವುದೆಂತು? ಕೊಳವೆಯ ಮೇಲ್ತುದಿ ಹಿಡಿಕೆಯ ಬಂಧದೊಳಗೆ ಅಡಗಿ, ಎಂದೂ ಉಜ್ಜಿಲ್ಲದ ಭಾಗ. ಮೇಸ್ತ್ರಿ ವರ್ನಿಯರನ್ನು ಅಲ್ಲಿಗೇ ಇಟ್ಟರು.

ಆದರೆ ಬಿಚ್ಚಿದ ದಿನವೇ ಬಲಗಾಲಿನಿಂದ ಇನ್ನೊಂದು ವಸ್ತು ಹೊರಬಿದ್ದಿತ್ತು: ಸ್ಪ್ರಿಂಗಿನ ಮೇಲೆ ಕುಳಿತಿದ್ದ ಬೆರಳುದ್ದದ ಪೈಪಿನ ತುಂಡು. ಕುಗ್ಗಿದ ಸ್ಪ್ರಿಂಗಿಗೆ ಎತ್ತರ ಕೊಡಲು ಯಾರೋ ಇಟ್ಟದ್ದು. ಅದರ ಎರಡೂ ಬಾಯಿಗಳನ್ನು ಅರದಿಂದ ಎಷ್ಟು ನಯವಾಗಿ ತೀಡಿದ್ದರೆಂದರೆ ಬೆರಳಿಗೆ ಒಂದು ಮುಳ್ಳೂ ತಾಗುತ್ತಿರಲಿಲ್ಲ. ಉಪಾಧ್ಯಾಯರು ಅದನ್ನು ಮನೆಗೆ ತಂದು ತೊಂಬತ್ತರ ಅಂಚಿನಲ್ಲಿದ್ದ ತಾಯಿಯ ಅಂಗೈಯಲ್ಲಿಟ್ಟರು.

"ಇದು ನಿಮ್ಮಪ್ಪ ಮಾಡಿದ್ದಲ್ಲೇನು!" ಎಂದರು ಆಕೆ. "ಎರಡು ರಾತ್ರಿ ಕಂದೀಲು ಹಚ್ಚಿಕೊಂಡು ಅರ ತೀಡಿದ್ರು. ಸ್ಪ್ರಿಂಗ್ ತರಾಕಂತ ಎತ್ತಿಟ್ಟ ದುಡ್ಡು ನಿನ್ನ ಬಿ.ಎಡ್. ಫೀಜಿಗೆ ಹೋತಪ್ಪ."

ಉಪಾಧ್ಯಾಯರು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಆ ತುಂಡನ್ನು ಮೇಸ್ತ್ರಿಯ ಮುಂದಿಟ್ಟು, ಅದನ್ನು ಇದ್ದಲ್ಲಿಯೇ ಇಡಬೇಕೆಂದು ಕೇಳಿಕೊಂಡರು. ಮೇಸ್ತ್ರಿ ತಲೆಯಾಡಿಸಿದರು.

"ಬ್ಯಾಡ ಸರ. ಒಂದು ಕಾಲಿಗೆ ಇದ್ದು ಇನ್ನೊಂದಕ್ಕೆ ಇಲ್ಲ ಅಂದ್ರೆ ಎರಡೂ ಸಮ ಆಗಾಂಗಿಲ್ಲ. ಅವರಿಗೆ ಆವತ್ತು ಬೇರೆ ದಾರಿ ಇರಲಿಲ್ಲ, ಇಟ್ಟರು. ನಿಮಗೆ ಐತಿ. ಅಪ್ಪಾರ ನೆನಪು ಮನೆಯಾಗ ಇರಲಿ, ಫೋರ್ಕಿನಾಗ ಬ್ಯಾಡ. ನಿಮ್ಮ ಹಿಂದೆ ಕುಂತೋರಿಗೂ ಜೀವ ಐತಿ."

ಕಡೆಗೆ ಮೈಸೂರಿನ ಹಳೆಯ ಜಾವಾ ಪ್ರಿಯರೊಬ್ಬರಿಂದ ಸಮನಾದ ಸ್ಪ್ರಿಂಗುಗಳ ಜೋಡಿಯೊಂದು ಬಂದಿತು. ಪೀಣ್ಯದಿಂದ ಬಂದ ಕೊಳವೆಗಳಲ್ಲಿ ಮುಖ ಕಾಣುತ್ತಿತ್ತು. ಎರಡು ಕಾಲಿಗೂ ಒಂದೇ ಅಳತೆಯಿಂದ ಎಣ್ಣೆ ಎರೆದು ಮೇಸ್ತ್ರಿ ಮುಚ್ಚಳ ಬಿಗಿದರು. ಉಪಾಧ್ಯಾಯರು ಅದನ್ನೇರಿ ಕಂಪ್ಲಿಗೆ ಮರಳಿದರು. ಮುಂದಿನ ಭಾನುವಾರ ಪತ್ನಿಯನ್ನು ಕೂರಿಸಿಕೊಂಡು ಹಂಪಿಗೆ ಹೋಗಿ, ಕಲ್ಲಿನ ರಥದ ಆನೆಗಳ ಹಿಂದಿರುವ ಕುದುರೆಯ ಕಾಲುಗಳನ್ನು ಆಕೆಗೆ ತೋರಿಸಿದರು.

ಮನೆಗೆ ಬಂದು ಬಿಳಿಯ ಬಟ್ಟೆಯಿಂದ ಕೊಳವೆಗಳನ್ನು ಒರೆಸಿದರು. ಬಟ್ಟೆಗೆ ಕೆಂಧೂಳು ಹತ್ತಿತೇ ಹೊರತು ಎಣ್ಣೆಯ ಕಲೆ ಹತ್ತಲಿಲ್ಲ. ಪೈಪಿನ ತುಂಡು ತಂದೆಯ ಔಷಧದ ಪೆಟ್ಟಿಗೆಯಲ್ಲಿದೆ. ವರ್ಷಕ್ಕೊಮ್ಮೆ ಅದನ್ನು ತೆಗೆದು, ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ಮತ್ತೆ ಅಲ್ಲಿಯೇ ಇಡುತ್ತಾರೆ.